ಅಮ್ಮನ ಓಡು, ಅಥೆನ್ಸಿನ ಓಟು

ನನ್ನ ತಂಗಿ ಗ್ರೀಸ್ ನೋಡಿ ಬಂದಳು. ನಾನು ಕತಾರ್ ನೋಡಿ ಬಂದೆ.

ಎರಡೂ ವಿದೇಶವೇ ತಾನೆ, ಇದರಲ್ಲಿ ಹೊಟ್ಟೆಕಿಚ್ಚು ಪಡುವುದಕ್ಕೆ ಏನಿದೆ ಎಂದು ಕೇಳುವವರಿಗೆ ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ಪುತ್ತೂರಿನ ಕಾಲೇಜೊಂದರಲ್ಲಿ ನಾನು ಇತಿಹಾಸ ಕಲಿಸುವವಳು. ಪ್ರತಿ ವರ್ಷ ತರಗತಿ ಶುರುವಾದ ಕೂಡಲೇ ಮಕ್ಕಳನ್ನು ಅಥೆನ್ಸಿಗೆ ಕರೆದುಕೊಂಡು ಹೋಗುತ್ತೇನೆ, ಸೀಮೆಸುಣ್ಣದಲ್ಲಿ. ಅಲ್ಲಿ ಮೊದಲು ರಾಜರಿದ್ದರು, ಆಮೇಲೆ ದೊಡ್ಡ ಮನೆತನದವರು ಆಳಿದರು, ಅವರು ಕಚ್ಚಾಡುವಾಗ ಒಬ್ಬ ನುಗ್ಗಿ ಬಂದು ಅಧಿಕಾರ ಹಿಡಿದ, ಕೊನೆಗೆ ಊರ ಗಂಡಸರೆಲ್ಲ ಗುಡ್ಡ ಹತ್ತಿ ಕೈ ಎತ್ತಿ ತಾವೇ ತೀರ್ಮಾನ ಮಾಡತೊಡಗಿದರು. ಆ ಗುಡ್ಡದ ನಕಾಶೆಯನ್ನು ನಾನು ಕಣ್ಣು ಮುಚ್ಚಿ ಬರೆಯಬಲ್ಲೆ. ಕಣ್ಣು ತೆರೆದು ನೋಡಿದ್ದು ಮಾತ್ರ ಇಲ್ಲ.

ನೋಡಿದವಳು ನಲಿನಿ. ಶಾಲೆಯ ಪರೀಕ್ಷೆಯಲ್ಲಿ ಸ್ಪಾರ್ಟಾ ಎಂಬುದು ರೋಮಿನ ರಾಜಧಾನಿ ಎಂದು ಬರೆದವಳು. ಅವಳಿಗೆ ಅಕ್ಷರ ತಿದ್ದಿಸಿದ್ದು ನಾನು, ಚರಿತ್ರೆಯಲ್ಲಿ ಪಾಸು ಮಾಡಿಸಿದ್ದೂ ನಾನು. ಮದುವೆಯಾಗಿ ದೋಹಾಕ್ಕೆ ಹೋಗುವಾಗ, "ಅಕ್ಕ, ಒಮ್ಮೆ ನಿನ್ನನ್ನು ಗ್ರೀಸಿಗೆ ಕರ್ಕೊಂಡು ಹೋಗಿಯೇ ಹೋಗ್ತೇನೆ" ಎಂದಿದ್ದಳು. ಆ ಮಾತನ್ನು ನಾನು ಜೋಪಾನ ಮಾಡಿ ಇಟ್ಟುಕೊಂಡಿದ್ದೆ. ಎರಡು ಸಾವಿರದ ಐದರ ಬೇಸಿಗೆಯಲ್ಲಿ ಅವಳು ಗಂಡ, ಮಕ್ಕಳ ಜೊತೆ ಹೋಗಿ ಬಂದಳು. ಹೋಗಿ ಬಂದ ಮೇಲೆ ಫೋನು ಮಾಡಿದಳು. ನಾನು ಒಂದು ವಾರ ಅವಳ ಫೋನು ಎತ್ತಲಿಲ್ಲ. ಆಗ ನನ್ನನ್ನು ಸಮಾಧಾನ ಮಾಡಲು ದೋಹಾಕ್ಕೆ ಟಿಕೆಟ್ ಕಳಿಸಿದಳು. ಮೂತಿ ಊದಿಸಿಕೊಂಡೇ ವಿಮಾನ ಹತ್ತಿದೆ.

ದೋಹಾ ವಿಮಾನ ನಿಲ್ದಾಣ

ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸುವ ಸಾಲಿನಲ್ಲಿ ನನ್ನ ಹಿಂದೆ ಬಂಟ್ವಾಳದ ಒಬ್ಬ ಹೆಂಗಸು ನಿಂತಿದ್ದರು. ನನ್ನ ಚೀಲದ ಮೇಲೆ ಮಂಗಳೂರಿನ ಅಂಗಡಿಯ ಹೆಸರು ನೋಡಿ ಮಾತಿಗೆ ಬಂದರು. ಅಲ್ ಹಿಲಾಲಿನಲ್ಲಿ ತಂಗಿ ಇದ್ದಾಳೆ, ನಲಿನಿ ಎಂದೆ.

"ನಮ್ಮ ನಲಿನಿಯಕ್ಕನಾ? ಹಾಗಾದ್ರೆ ನೀವು ಅವರ ಎಂತ ಆಗ್ಬೇಕು?"

"ಅಕ್ಕ."

"ಓ. ನಲಿನಿಯಕ್ಕನಿಗೂ ಅಕ್ಕ ಇದ್ದಾರಾ?"

ಆ ದೇಶಕ್ಕೆ ನಾನಿನ್ನೂ ಪೂರ್ತಿ ಕಾಲಿಟ್ಟಿರಲಿಲ್ಲ, ಆಗಲೇ ನನ್ನ ಪದವಿ ಹೋಗಿತ್ತು. ನಮ್ಮ ಮನೆಯಲ್ಲಿ ಅಕ್ಕ ಅಂದರೆ ಒಬ್ಬಳೇ, ಅದು ನಾನು. ಅಪ್ಪ ಕೂಡ ಏನಾದರೂ ತಕರಾರು ಬಂದರೆ "ಅಕ್ಕನನ್ನು ಕೇಳಿ" ಎನ್ನುತ್ತಿದ್ದರು. ಇಲ್ಲಿ ನೋಡಿದರೆ ಕಡಲಿನ ಈಚೆ ಕಡೆಯಲ್ಲಿ ನನ್ನ ಕುರ್ಚಿಯ ಮೇಲೆ ತಂಗಿ ಕಾಲು ಚಾಚಿ ಕೂತಿದ್ದಾಳೆ, ನನಗೆ ಸುದ್ದಿಯೇ ಇಲ್ಲ.

ಅಲ್ ಹಿಲಾಲ್

ನಲಿನಿಯ ಮನೆಯ ಮೇಲೆಯೇ ವಿಮಾನಗಳು ಇಳಿಯುತ್ತವೆ. ಮಾತಿನ ಮಧ್ಯೆ ಎಲ್ಲರೂ ಒಂದು ಕ್ಷಣ ಬಾಯಿ ಮುಚ್ಚಿ, ಸದ್ದು ಹೋದ ಮೇಲೆ ಅದೇ ಪದದಿಂದ ಮುಂದುವರಿಸುತ್ತಾರೆ. ಆ ಅಭ್ಯಾಸ ನನಗಿಲ್ಲ. ನಾನು ಕಿರುಚಿಕೊಂಡೇ ಮಾತಾಡಿದೆ. ನಲಿನಿಯ ಮಕ್ಕಳು "ದೊಡ್ಡಮ್ಮ ಈಸ್ ಆಂಗ್ರಿ" ಎಂದು ಕೋಣೆ ಸೇರಿಕೊಂಡವು. ಅವಳ ಗಂಡ ಸದಾನಂದ ಮೆಸಯೀದಿನ ಕಾರ್ಖಾನೆಯಲ್ಲಿ ಎಂಜಿನಿಯರು. ಬೆಳಕು ಹರಿಯುವ ಮೊದಲೇ ಕಂಪನಿಯ ಬಸ್ಸು ಹತ್ತುವ ಆಸಾಮಿ, "ಅತ್ತಿಗೆ, ಆರಾಮ ಮಾಡಿ" ಎಂಬುದರ ಆಚೆಗೆ ಅವರ ಮಾತು ಹೋಗಲಿಲ್ಲ.

ಮನೆಯ ಫೋನು ಮಾತ್ರ ಒಂದು ಗಳಿಗೆ ಸುಮ್ಮನಿರುವುದಿಲ್ಲ. ನಲಿನಿಯಕ್ಕ, ಶಾಲೆಯ ಸೀಟು. ನಲಿನಿಯಕ್ಕ, ಊರಿಗೆ ಹೋಗುವವರು ಯಾರಾದರೂ ಇದ್ದಾರಾ. ನಲಿನಿಯಕ್ಕ, ನನ್ನ ಮಾವನಿಗೆ ಎದೆನೋವು, ಯಾವ ಡಾಕ್ಟರು. ಅವಳು ಕುರ್ಚಿಯಿಂದ ಏಳದೆ ಎಲ್ಲಕ್ಕೂ ಪರಿಹಾರ ಹೇಳುತ್ತಿದ್ದಳು. ಇವಳು ನಮ್ಮ ಮನೆಯಲ್ಲಿ ಅಂಗಡಿಗೆ ಹೋಗಿ ಒಂದು ತೆಂಗಿನಕಾಯಿ ಆರಿಸಲೂ ನನ್ನನ್ನು ಜೊತೆಗೆ ಕರೆಯುತ್ತಿದ್ದವಳು. ಈಗ ದೊಡ್ಡ ಬಿಳಿ ಕಾರು ಓಡಿಸುತ್ತಾಳೆ, ಅದೂ ರಸ್ತೆಯ ತಪ್ಪು ಪಕ್ಕದಲ್ಲಿ, ಅಲ್ಲಿ ಅದೇ ಸರಿ.

ಹೊಟ್ಟೆಕಿಚ್ಚಿಗೆ ಕಾರಣ ಇಷ್ಟೇ ಅಲ್ಲ. ಅಲ್ಲಿ ನಳ್ಳಿ ತಿರುಗಿಸಿದರೆ ನೀರು ಬರುತ್ತದೆ. ಮರುಭೂಮಿಯಲ್ಲಿ. ಅಲ್ಲಿ ದೊರೆ ಇದ್ದಾರೆ, ಇಪ್ಪತ್ತನಾಲ್ಕು ಗಂಟೆ ನೀರು. ನಮ್ಮಲ್ಲಿ ನಾವೇ ಆರಿಸಿದ ಪುರಸಭೆ ಇದೆ, ನಳ್ಳಿಯಲ್ಲಿ ಗಾಳಿ. ಇಷ್ಟು ವರ್ಷ ಪ್ರಜಾಪ್ರಭುತ್ವವೇ ಮೇಲು ಎಂದು ಮಕ್ಕಳಿಗೆ ನೋಟ್ಸ್ ಕೊಟ್ಟ ನಾನು, ನಲಿನಿಯ ಬಚ್ಚಲಲ್ಲಿ ನಿಂತು ಸ್ವಲ್ಪ ಹೊತ್ತು ಯೋಚನೆಗೆ ಬಿದ್ದೆ.

ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಥೆನ್ಸಿನ ಫೋಟೊ ಅಂಟಿಸಿದ್ದಳು. ಕಪ್ಪು ಕನ್ನಡಕ, ಕೈಯಲ್ಲಿ ಐಸ್‌ಕ್ರೀಮು. ಹಿಂದೆ ನನ್ನ ಅಕ್ರೋಪೊಲಿಸ್ ಕೋಟೆಗುಡ್ಡದ ಅರ್ಧಭಾಗವನ್ನು ಅವಳ ಟೋಪಿ ಮರೆ ಮಾಡಿತ್ತು.

"ಮ್ಯೂಸಿಯಮ್ಮಿಗೆ ಹೋಗಿದ್ದೆಯಾ?" ಎಂದು ಕೇಳಿದೆ. ಕೇಳಬಾರದು ಎಂದುಕೊಂಡಿದ್ದರೂ ಕೇಳಿದೆ.

"ಹೋದೆವು. ಒಡೆದ ಮಡಕೆ ಚೂರು ಇಟ್ಟಿದ್ದಾರೆ ಅಕ್ಕ, ಗಾಜಿನ ಪೆಟ್ಟಿಗೆಯೊಳಗೆ. ಮೇಲೆ ಏನೋ ಗೀಚಿದ್ದು."

"ಫೋಟೊ?"

"ಮಡಕೆ ಚೂರಿನದ್ದಾ? ಇಲ್ಲ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ಚೂರುಗಳ ಬಗ್ಗೆ ನಾನು ಪ್ರತಿ ವರ್ಷ ಒಂದಿಡೀ ತರಗತಿ ಪಾಠ ಮಾಡುತ್ತೇನೆ. ಊರಿನಲ್ಲಿ ಯಾರದಾದರೂ ಕೈ ತೀರಾ ಮೇಲಾಯಿತು ಅನಿಸಿದರೆ ಅಥೆನ್ಸಿನವರು ಮಡಕೆಯ ಚೂರಿನ ಮೇಲೆ ಅವನ ಹೆಸರು ಗೀಚಿ ಹಾಕುತ್ತಿದ್ದರು. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರು ಬಿಡಬೇಕು. ಮಡಕೆಯ ಚೂರಿಗೆ ನಮ್ಮಲ್ಲಿ ಓಡು ಎನ್ನುತ್ತೇವಲ್ಲ, ಅದಕ್ಕೇ ನಾನು ತರಗತಿಯಲ್ಲಿ "ಓಡಿನ ಮೇಲೆ ಬರೆದು ಓಡಿಸಿದರು, ಅದೇ ಅವರ ಓಟು" ಎಂದು ಹೇಳುವುದು. ಮಕ್ಕಳು ಪ್ರತಿ ವರ್ಷ ನಗುತ್ತಾರೆ. ನನ್ನ ಇಡೀ ಉದ್ಯೋಗದ ಅತ್ಯುತ್ತಮ ತಮಾಷೆ ಅದು. ಇವಳು ಅದರ ಮುಂದೆ ನಿಂತು, ಫೋಟೊ ತೆಗೆಯದೆ ಬಂದಿದ್ದಾಳೆ.

ಓಡು ಎಂದಾಗ ಇನ್ನೊಂದು ಗಾಯವೂ ನೆನಪಾಯಿತು. ನಮ್ಮ ಕಡೆ ಓಡುದೋಸೆ ಹೊಯ್ಯುವ ಮಣ್ಣಿನ ಕಾವಲಿಗೂ ಓಡು ಎಂದೇ ಹೆಸರು. ಅಮ್ಮನ ಹತ್ತಿರ ಒಂದಿತ್ತು, ಎಣ್ಣೆ ಕುಡಿದು ಕುಡಿದು ಕಪ್ಪಗೆ ಹೊಳೆಯುವಂಥದ್ದು. ನಲಿನಿ ದೋಹಾಕ್ಕೆ ಹೊರಟಾಗ ಅಮ್ಮ ಅದನ್ನು ಸೀರೆಗಳ ನಡುವೆ ಇಟ್ಟು ಅವಳ ಪೆಟ್ಟಿಗೆಗೆ ತುಂಬಿಸಿದ್ದರು. ದೊಡ್ಡ ಮಗಳಿಗೆ ಬರಬೇಕಾದದ್ದು ಅದು. ಅಮ್ಮ ಹೋದ ಮೇಲೂ ನಾನು ಫೋನಿನಲ್ಲಿ ಕೇಳುತ್ತಲೇ ಇದ್ದೆ, "ಅಮ್ಮನ ಓಡಿನಲ್ಲಿ ದೋಸೆ ಮಾಡ್ತೀಯಾ?" ಅವಳು ಪ್ರತಿ ಸಲ "ಹೂಂ ಅಕ್ಕ" ಎನ್ನುತ್ತಿದ್ದಳು.

"ಅಮ್ಮನ ಓಡು ಎಲ್ಲಿ?"

"ಒಳಗೆ ಎತ್ತಿಟ್ಟಿದ್ದೇನೆ" ಎಂದಳು. ಅಷ್ಟರಲ್ಲಿ ಒಂದು ವಿಮಾನ ಬಂತು. ಸದ್ದು ಹೋದ ಮೇಲೆ ಅವಳು ಅದೇ ಪದದಿಂದ ಮುಂದುವರಿಸಲಿಲ್ಲ.

ಕಾರ್ನಿಶ್

ಕಡಲ ದಂಡೆಯ ರಸ್ತೆಗೆ ಅಲ್ಲಿ ಕಾರ್ನಿಶ್ ಎನ್ನುತ್ತಾರೆ. ಅಲ್ಲಿ ಸುತ್ತಾಡಿಸಿದ ಮೇಲೆ ನಲಿನಿ ಒಂದು ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿದಳು. ಅಲ್ಲಿ ಗಿರಾಕಿಗಳು ಇಳಿಯುವುದಿಲ್ಲ. ಕೂತಲ್ಲಿಂದಲೇ ಹಾರ್ನ್ ಹೊಡೆದರೆ ಒಳಗಿನಿಂದ ಒಬ್ಬರು ಓಡಿ ಬಂದು ಏನು ಬೇಕೆಂದು ಕೇಳುತ್ತಾರೆ. ನಮ್ಮೂರಿನಲ್ಲಿ ಹೋಟೆಲಿನ ಮುಂದೆ ಹಾರ್ನ್ ಹೊಡೆದರೆ ಒಳಗಿನವರು ಓಡಿ ಬರುವುದು ಬೇರೆ ಉದ್ದೇಶಕ್ಕೆ. ನನಗೆ ಇದು ಮರ್ಯಾದೆಗೇಡು ಅನಿಸಿತು. ನಾನೇ ಇಳಿದು ತರುತ್ತೇನೆ ಎಂದು ಬಾಗಿಲು ತೆರೆದೆ. ಸೀಟಿನ ಬೆಲ್ಟು ಬಿಚ್ಚಿರಲಿಲ್ಲ. ತಡಬಡಿಸಿ ಆಧಾರಕ್ಕೆ ಕೈ ಊರಿದ್ದು ಹಾರ್ನಿನ ಮೇಲೆ. ಕೈ ತೆಗೆಯುವಷ್ಟರಲ್ಲಿ ಅಂಗಡಿಯವರೆಲ್ಲ ಹೊರಗೆ ಬಂದಿದ್ದರು.

ಚಹಾ ಗಟ್ಟಿಯಾಗಿತ್ತು, ಏಲಕ್ಕಿ ಹಾಕಿದ್ದರು. ಅದನ್ನೂ ಹೊಗಳಲು ನನಗೆ ಮನಸ್ಸಾಗಲಿಲ್ಲ.

"ಅಕ್ಕ, ಶುಕ್ರವಾರ ನಮ್ಮ ಹೆಂಗಸರ ಕೂಟ ಉಂಟು, ಜುಬೇದಾ ಅವರ ಮನೆಯಲ್ಲಿ" ಎಂದಳು ನಲಿನಿ. "ನಾನು ಗ್ರೀಸಿನ ಫೋಟೊ ತೋರಿಸ್ತೇನೆ. ನೀನು ಮಧ್ಯೆ ಮಧ್ಯೆ ಸ್ವಲ್ಪ ಹೇಳು."

ಮಧ್ಯೆ ಮಧ್ಯೆ. ನನ್ನ ಅಥೆನ್ಸಿನಲ್ಲಿ ನನಗೆ ಮಧ್ಯೆ ಮಧ್ಯೆ ಜಾಗ.

"ನಿಮ್ಮ ಕೂಟಕ್ಕೆ ಅಧ್ಯಕ್ಷರು ಯಾರು?" ಎಂದೆ.

"ನಾನೇ."

"ಚುನಾವಣೆ ಯಾವಾಗ?"

ಅವಳು ನಕ್ಕಳು. "ಎಂತ ಚುನಾವಣೆ ಅಕ್ಕ. ಶುರುವಿನಿಂದ ನಾನೇ. ಯಾರೂ ಬೇಡ ಅನ್ನುವುದಿಲ್ಲ."

ಅಥೆನ್ಸಿನಲ್ಲಿ ಹಾಗೆ ಕೂತವನಿಗೂ ಒಂದು ಹೆಸರಿತ್ತು. ಮಕ್ಕಳು ಪರೀಕ್ಷೆಯಲ್ಲಿ ನಿರಂಕುಶ ಪ್ರಭು ಎಂದು ಬರೆಯುತ್ತಾರೆ, ಬರೆದು ಚಾಟಿ, ಕತ್ತಿ ಎಲ್ಲ ಸೇರಿಸುತ್ತಾರೆ. ಅವನು ಕ್ರೂರಿಯೇ ಆಗಿರಬೇಕೆಂದಿಲ್ಲ. ಬಾವಿ ತೋಡಿಸಿದವನೂ ಹಬ್ಬ ಮಾಡಿಸಿದವನೂ ಇದ್ದ. ಜನ ಅವನನ್ನು ಕೇಳಿ ಕರೆತಂದವರಲ್ಲ, ಅಷ್ಟೇ. ಶುಕ್ರವಾರ ಏನು ಪಾಠ ಮಾಡಬೇಕೆಂದು ನನಗೆ ಅಲ್ಲೇ ಹೊಳೆಯಿತು. ಈ ನಲಿನಿಯಕ್ಕನನ್ನು ಆ ಕುರ್ಚಿಯಿಂದ ಇಳಿಸಿ ಬರೀ ನಲಿನಿ ಮಾಡದೆ ನಾನು ಊರಿಗೆ ಹೋಗುವುದಿಲ್ಲ ಎಂದುಕೊಂಡೆ. ಮನೆಗೆ ಬಂದವಳೇ, ಅವಳು ಸ್ನಾನಕ್ಕೆ ಹೋದಾಗ ಜುಬೇದಾ ಅವರಿಗೆ ಫೋನು ಮಾಡಿ, ಒಂದು ಆಟ ಆಡಿಸುತ್ತೇನೆ, ಎಲ್ಲರೂ ಓಡು ತರಬೇಕು ಎಂದು ಹೇಳಿದೆ.

"ಓಡಾ? ಇನ್ಶಾ ಅಲ್ಲಾ ಟೀಚರ್, ಎಲ್ಲರಿಗೂ ಹೇಳ್ತೇನೆ" ಎಂದರು ಅವರು, ಬಹಳ ಸಂತೋಷದಿಂದ.

ಮದೀನತ್ ಖಲೀಫಾ

ಜುಬೇದಾ ಉಪ್ಪಿನಂಗಡಿಯವರು. ಮನೆಯಲ್ಲಿ ಬ್ಯಾರಿ ಭಾಷೆ, ನಮ್ಮ ಜೊತೆ ಕನ್ನಡ, ಡ್ರೈವರನ ಜೊತೆ ಮಲಯಾಳ, ತರಕಾರಿಯವನ ಜೊತೆ ಅರಬಿ, ನಾಲ್ಕೂ ಒಂದೇ ಉಸಿರಿಗೆ. ಮದೀನತ್ ಖಲೀಫಾ ಬಡಾವಣೆಯ ಅವರ ಮನೆಯ ದೊಡ್ಡ ಹಾಲಿನಲ್ಲಿ ಹತ್ತು ಹನ್ನೆರಡು ಹೆಂಗಸರು ಸೇರಿದ್ದರು. ಸುರತ್ಕಲ್, ಕಾಪು, ಬೆಳ್ತಂಗಡಿ, ಹೀಗೆ ಇಡೀ ಜಿಲ್ಲೆ ಸೋಫಾಗಳ ಮೇಲೆ ಕೂತಿತ್ತು. ಎಲ್ಲರೂ ನಲಿನಿಯನ್ನು ಕಂಡು ಎದ್ದರು. ನನ್ನನ್ನು ನೋಡಿ, "ಇವರೇನಾ ಓಡುದೋಸೆ ಮಾಡಿಸುವ ಟೀಚರ್?" ಎಂದರು.

ನೋಡಿದರೆ ಮೇಜಿನ ಮೇಲೆ ಮೂರು ಮಣ್ಣಿನ ಕಾವಲಿ, ಪಾತ್ರೆಗಟ್ಟಲೆ ಅಕ್ಕಿ ಹಿಟ್ಟು, ಒಂದು ಬೋಗುಣಿ ಕೋಳಿ ಸಾರು. ಓಡು ತನ್ನಿ ಎಂದರೆ ನಮ್ಮ ಜಿಲ್ಲೆಯ ಹೆಂಗಸರು ಬೇರೇನು ತಂದಾರು. ಜುಬೇದಾ ಆಗಲೇ ಒಲೆ ಹಚ್ಚಿಸಿದ್ದರು.

ನಲಿನಿಯ ಫೋಟೊಗಳು ಮೊದಲು. ಟೀವಿಗೆ ವಯರು ಸಿಕ್ಕಿಸಿ ಒಂದೊಂದಾಗಿ ತೋರಿಸಿದಳು. ಇದು ಹೋಟೆಲು, ಇದು ಹಡಗು, ಇದು ಒಂದು ದೇವಸ್ಥಾನ, ಬಿದ್ದು ಹೋಗಿದೆ. ನಾನು ಬಾಯಿ ಬಿಗಿ ಹಿಡಿದು ಕೂತಿದ್ದೆ. ನನ್ನ ಸರದಿ ಬಂದಾಗ ಕುರ್ಚಿಯಿಂದ ಎದ್ದು, ತರಗತಿಯಲ್ಲಿ ನಿಲ್ಲುವಂತೆಯೇ ನಿಂತೆ.

"ಅಥೆನ್ಸಿನಲ್ಲಿ ಊರೇ ಆಳುತ್ತಿತ್ತು ಅಂತ ಹೇಳ್ತೇವೆ. ಆದರೆ ಊರು ಅಂದರೆ ಯಾರು? ಹೆಂಗಸರಿಗೆ ಓಟಿಲ್ಲ. ಆಳುಗಳಿಗೆ ಇಲ್ಲ. ಹೊರಗಿನಿಂದ ಬಂದು ಕೆಲಸ ಮಾಡುವವರು ಸಾವಿರಗಟ್ಟಲೆ ಇದ್ದರು. ವ್ಯಾಪಾರ ಅವರದ್ದು, ಮನೆ ಕಟ್ಟುವುದು ಅವರು. ಮೊಮ್ಮಕ್ಕಳಾದರೂ ಅವರು ಹೊರಗಿನವರೇ. ಊರಿನವನೊಬ್ಬ ಅವರಿಗೆ ಜವಾಬ್ದಾರನಾಗಿ ನಿಲ್ಲಬೇಕು."

"ಕಫೀಲ್" ಎಂದರು ಜುಬೇದಾ.

ಎಲ್ಲರೂ ಒಟ್ಟಿಗೆ ತಲೆಯಾಡಿಸಿದರು. ಅದರ ಅರ್ಥವನ್ನು ಆಮೇಲೆ ನಲಿನಿ ಹೇಳಿದಳು: ವೀಸಾಕ್ಕೆ ಹೊಣೆ ನಿಲ್ಲುವ ಅಲ್ಲಿನ ಮನುಷ್ಯ. ನನ್ನ ತರಗತಿಯ ಮಕ್ಕಳಿಗೆ ಈ ಭಾಗ ಯಾವತ್ತೂ ತಲೆಗೆ ಹತ್ತಿದ್ದಿಲ್ಲ, ಇಲ್ಲಿ ವಿವರಿಸುವ ಅಗತ್ಯವೇ ಬೀಳಲಿಲ್ಲ.

ಆಮೇಲೆ ಓಡಿನ ಕಥೆ ಹೇಳಿದೆ. ಓಡಿಸಲು ತಪ್ಪು ಮಾಡಿರಲೇಬೇಕೆಂದಿಲ್ಲ, ದೊಡ್ಡವನಾದದ್ದೇ ಸಾಕು. ಒಬ್ಬ ಮುಖಂಡನಿದ್ದನಂತೆ, ಬಹಳ ನ್ಯಾಯವಂತ. ಓದು ಬಾರದ ಒಬ್ಬ ಹಳ್ಳಿಯವನು ಅವನ ಗುರುತು ಹಿಡಿಯದೆ ಅವನ ಕೈಗೇ ಓಡು ಕೊಟ್ಟು, ಅವನದೇ ಹೆಸರು ಬರೆದುಕೊಡು ಎಂದನಂತೆ. ಅವನಿಂದ ನಿನಗೇನು ಕೇಡಾಗಿದೆ ಎಂದರೆ, ಏನೂ ಇಲ್ಲ, ಎಲ್ಲರೂ ಅವನನ್ನು ನ್ಯಾಯವಂತ, ನ್ಯಾಯವಂತ ಎನ್ನುವುದನ್ನು ಕೇಳಿ ಕೇಳಿ ಸಾಕಾಗಿದೆ ಎಂದನಂತೆ. ಇವನು ಮಾತಾಡದೆ ಬರೆದುಕೊಟ್ಟ.

"ಅಂದರೆ ಹೊಟ್ಟೆಕಿಚ್ಚಿಗೆ ಸರ್ಕಾರದ ಪರ್ಮಿಶನ್" ಎಂದರು ಜುಬೇದಾ. "ನಾವೂ ಮಾಡುವಾ ಟೀಚರ್. ಆದರೆ ನನ್ನ ಕಾವಲಿ ಒಡೆಯಲು ಮಾಫಿ, ಇಲ್ಲವೇ ಇಲ್ಲ. ಅದು ಊರಿನಿಂದ ತಂದದ್ದು."

ಮೂವರೂ ತಂತಮ್ಮ ಕಾವಲಿಗೆ ಕೈ ಅಡ್ಡ ಇಟ್ಟರು. ಚೂರೇ ಇಲ್ಲದೆ ಆಟ ನಿಂತುಹೋಗುವುದರಲ್ಲಿತ್ತು. ಆಗ ನಲಿನಿ ಎದ್ದಳು. "ಯಲ್ಲಾ, ನಡೀರಿ, ನೀವು ದೋಸೆ ಹೊಯ್ಯುತ್ತಾ ಇರಿ. ಚೂರು ನಾನು ತರ್ತೇನೆ" ಎಂದು ಕಾರಿನ ಕೀ ತೆಗೆದುಕೊಂಡು ಹೋದಳು.

ದೋಸೆ ತಿಂದು ಮುಗಿಯುವ ಹೊತ್ತಿಗೆ ಬಂದಳು. ಕೈಯಲ್ಲಿ ಒಂದು ಹಳೆಯ ಸೀರೆಯ ಗಂಟು. ಬಿಚ್ಚಿ ನೆಲದ ಮೇಲೆ ಹರಡಿದಳು. ಎಣ್ಣೆ ಕುಡಿದ ಕಪ್ಪು ಚೂರುಗಳು. ಒಂದರ ಅಂಚಿನಲ್ಲಿ ಅಮ್ಮ ಬಿಸಿ ಕಾವಲಿಯನ್ನು ಬಟ್ಟೆ ಸುತ್ತಿ ಹಿಡಿಯುತ್ತಿದ್ದ ಕಿವಿ ಹಾಗೇ ಇತ್ತು.

"ಬರುವಾಗಲೇ ಒಡೆದಿತ್ತು ಅಕ್ಕ, ವಿಮಾನದಲ್ಲಿ" ಎಂದಳು, ನನ್ನ ಕಡೆ ನೋಡದೆ. "ಒಂದು ದೋಸೆಯೂ ಹೊಯ್ಯಲಿಲ್ಲ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಇಷ್ಟು ವರ್ಷ ನಾನು ಯಾವ ಓಡಿನ ಮೇಲೆ ಕಣ್ಣಿಟ್ಟು ಉರಿದೆನೋ ಅದು ಇರಲೇ ಇಲ್ಲ. ಅಷ್ಟರಲ್ಲಿ ಜುಬೇದಾ ಎಲ್ಲರ ಕೈಗೂ ಒಂದೊಂದು ಚೂರು, ಒಂದೊಂದು ಮೊಳೆ ಕೊಟ್ಟಾಗಿತ್ತು. ನಾನು ಹಿಂದೆ ಮುಂದೆ ನೋಡದೆ ಗೀಚಿದೆ.

ಜುಬೇದಾ ಎಲ್ಲವನ್ನೂ ಸೆರಗಿಗೆ ಹಾಕಿಸಿಕೊಂಡು ಒಂದೊಂದಾಗಿ ಓದಿದರು. ಮೊದಲನೆಯದು ಜುಬೇದಾ. ಎರಡನೆಯದೂ ಜುಬೇದಾ. ಮತ್ತೆ ಜುಬೇದಾ. "ನಾನು ಬಾಯಿ ಜಾಸ್ತಿ ಮಾಡ್ತೇನಾ?" ಎಂದು ಕೇಳಿದರು. ಎಲ್ಲರೂ ಹೌದು ಎಂದರು. ಅವರೇ ಮೊದಲು ನಕ್ಕರು. ಮುಂದಿನ ಚೂರು ಎತ್ತಿ ತಡೆದರು.

"ನಲಿನಿ."

ಎಲ್ಲರೂ ನಲಿನಿಯ ಕಡೆ ತಿರುಗಿದರು.

"ಬರೀ ನಲಿನಿಯಾ? ಅಕ್ಕ ಅಂತ ಬರೆಯಲು ಜಾಗ ಸಾಲಲಿಲ್ಲವಾ ಯಾರಿಗೆ?" ಜುಬೇದಾ ಮುಂದಿನದನ್ನು ಎತ್ತಿದರು. "ಓ, ಇಲ್ಲಿ ಉಂಟು ನೋಡಿ ಉಳಿದರ್ಧ. ಅಕ್ಕ."

ಎರಡು ಚೂರನ್ನೂ ಹತ್ತಿರ ಇಟ್ಟು ಒತ್ತಿ ನೋಡಿದರು. ಅಂಚು ಕೂಡಲಿಲ್ಲ. "ಇರಲಿ, ಒಂದೇ ಓಟು ಅಂತ ಲೆಕ್ಕ. ಉಳಿದದ್ದೆಲ್ಲ ನನ್ನದೇ. ಖಲಾಸ್, ನಾನೇ ಗೆದ್ದೆ. ಹತ್ತು ವರ್ಷ ಊರಲ್ಲಿ ಕೂತ್ಕೊಳ್ತೇನೆ" ಎಂದರು. ಎಲ್ಲರೂ ನಗುತ್ತಿದ್ದರು. ನಾನು ಕಿವಿ ಇದ್ದ ಆ ಎರಡನೆಯ ಚೂರನ್ನೇ ನೋಡುತ್ತಿದ್ದೆ. ಕಕಾರದ ಒತ್ತಿಗೆ ಕೊನೆಯಲ್ಲಿ ಒಂದು ಉದ್ದ ಬಾಲ. ಸ್ಲೇಟಿನಲ್ಲಿ ಎಷ್ಟು ಸಲ ಒರೆಸಿ ತಿದ್ದಿಸಿದರೂ ಹೋಗದ ಬಾಲ ಅದು.

ಮತ್ತೆ ಅಲ್ ಹಿಲಾಲಿಗೆ

ಕಾರಿನಲ್ಲಿ ಮೊದಲು ಬಾಯಿ ತೆರೆದವಳು ಅವಳು.

"ಆ ನಲಿನಿ ನೀನು ಬರೆದದ್ದು. ಈ ದೇಶದಲ್ಲಿ ನನ್ನನ್ನು ಬರೀ ನಲಿನಿ ಅನ್ನುವವರು ಇಬ್ಬರೇ. ಇನ್ನೊಬ್ಬರು ಮೆಸಯೀದಿನಲ್ಲಿ ಡ್ಯೂಟಿಯಲ್ಲಿದ್ದಾರೆ."

"ಮತ್ತೆ ಆ ಅಕ್ಕ?" ಎಂದೆ. "ಅಲ್ಲಿದ್ದವರೆಲ್ಲ ನಿನ್ನನ್ನು ನಲಿನಿಯಕ್ಕ ಅನ್ನುತ್ತಾರೆ. ಬರೀ ಅಕ್ಕ ಅನ್ನುವವಳು ಒಬ್ಬಳೇ. ಅದು ನನ್ನನ್ನು."

ಅವಳು ವೃತ್ತದಲ್ಲಿ ಹೊರಳಬೇಕಾದ ರಸ್ತೆ ಬಿಟ್ಟಳು. ಇನ್ನೊಂದು ಸುತ್ತು ಹೊಡೆದೆವು.

"ಹೌದು, ಬರೆದೆ. ನನಗೂ ಹೊಟ್ಟೆಕಿಚ್ಚು ಇರಬಾರದಾ? ಮನೆಯಲ್ಲಿ ಎಂತ ಕೇಳಿದರೂ ಅಕ್ಕನನ್ನು ಕೇಳು. ಶಾಲೆಯಲ್ಲಿ, ನೀನು ಅವಳ ತಂಗಿಯಾ, ಹಾಗೆ ಕಾಣುವುದಿಲ್ಲವಲ್ಲ. ಇಲ್ಲಿ ಬಂದ ಮೇಲೆ ನಾನೂ ಒಂದು ಊರಿಗೆ ಅಕ್ಕ ಆದೆ. ನೀನು ಬಂದ ದಿನವೇ ಪಕ್ಕದ ಮನೆಯವರ ಮುಂದೆ, 'ಏ ನಲಿನಿ, ನೀರು ತಾ' ಅಂದೆ."

"ಬಾಯಾರಿತ್ತು ಮಾರಾಯ್ತಿ."

"ಗ್ರೀಸಿಗೆ ನಿನ್ನನ್ನು ಯಾಕೆ ಕರೆಯಲಿಲ್ಲ ಗೊತ್ತುಂಟಾ? ನೀನು ಬಂದಿದ್ದರೆ ಒಂದೊಂದು ಕಲ್ಲಿಗೂ ಪಾಠ. ನಾನು ಮತ್ತೆ ಹಿಂದಿನ ಬೆಂಚು. ಒಂದು ಜಾಗವನ್ನಾದರೂ ನಿನಗಿಂತ ಮೊದಲು ನೋಡಬೇಕು ಅಂತ ಇತ್ತು ನನಗೆ." ಅವಳ ಸ್ವರ ಇಳಿಯಿತು. "ಹೋಗಿ ಎಂತ ಪ್ರಯೋಜನ. ಆ ಗಾಜಿನ ಪೆಟ್ಟಿಗೆ ಮುಂದೆ ನಿಂತು ಅಮ್ಮನ ಓಡೇ ನೆನಪಾಯ್ತು. ಅವರು ಚೂರಿಗೆ ಲೈಟ್ ಹಾಕಿ ಇಟ್ಟಿದ್ದಾರೆ, ನಾನು ಮಂಚದಡಿ ತುರುಕಿದ್ದೇನೆ ಅಂತ ಕಂಡಿತು. ಕಣ್ಣಲ್ಲಿ ನೀರು ಬಂದು ಫೋಟೊ ತೆಗೆಯಲಿಲ್ಲ."

ಎರಡನೆಯ ಸುತ್ತಿನಲ್ಲೂ ರಸ್ತೆ ತಪ್ಪಿತು. ನಾನು ಎಡಕ್ಕೆ ಹೋಗು ಎಂದು ಹೇಳಬೇಕೆಂದಿದ್ದೆ, ನನಗೆ ಆ ಊರಿನ ದಾರಿ ಏನೂ ಗೊತ್ತಿಲ್ಲದಿದ್ದರೂ. ಹೇಳಲಿಲ್ಲ. ಹುಟ್ಟಿದಂದಿನಿಂದ ಅವಳಿಗೆ ದಾರಿ ಹೇಳದೆ ನಾನು ಕೂತದ್ದು ಅದೇ ಮೊದಲಿರಬೇಕು. ಮೂರನೆಯ ಸುತ್ತಿಗೆ ಅವಳೇ ಸರಿಯಾಗಿ ಹೊರಳಿದಳು.

ವಿಮಾನ ನಿಲ್ದಾಣ, ಹೊರಡುವ ದಿನ

ಕಳಿಸಲು ಅವಳೊಬ್ಬಳೇ ಬಂದಿದ್ದಳು. ಚೀಲ ಕೈಗೆ ಕೊಟ್ಟು, "ಓಡಿಸಿಕೊಂಡವರಿಗೆ ಹತ್ತು ವರ್ಷ ಅಲ್ವಾ ಅಕ್ಕ?" ಎಂದಳು.

"ಯುದ್ಧ ಬಂದರೆ ಮೊದಲೇ ವಾಪಸ್ ಕರೆಸಿಕೊಳ್ಳುತ್ತಿದ್ದರು."

"ಹಾಗಾದ್ರೆ ಬೇಗ ಒಂದು ಜಗಳ ಮಾಡುವಾ."

ನಾನು ನಗಲಿಲ್ಲ, ನಕ್ಕರೆ ಅತ್ತುಬಿಡುತ್ತಿದ್ದೆ. ಅಥೆನ್ಸಿನ ಫೋಟೊ ಇನ್ನೂ ಅವಳ ಫ್ರಿಜ್ಜಿನ ಮೇಲೆಯೇ ಇದೆ, ಅದರ ಮೇಲಿನ ನನ್ನ ಹೊಟ್ಟೆಕಿಚ್ಚೂ ಹಾಗೇ ಇದೆ. ಅದನ್ನು ಅಲ್ಲಿ ಬಿಟ್ಟು ಬಂದೆ ಎಂದು ಹೇಳಿದರೆ ಓದುವವರು ನಂಬಬಾರದು.

ಒಳಗೆ ತಪಾಸಣೆಯ ಯಂತ್ರದ ಹತ್ತಿರ ನನ್ನ ಕೈಚೀಲವನ್ನು ಬದಿಗೆ ಎಳೆದರು. ಸಮವಸ್ತ್ರದ ಹೆಂಗಸು ಕರವಸ್ತ್ರದ ಗಂಟು ಬಿಚ್ಚಿ, ಕಿವಿ ಇದ್ದ ಆ ಕಪ್ಪು ಚೂರನ್ನು ಬೆಳಕಿಗೆ ಹಿಡಿದಳು. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಓಡು ಎಂದರೆ ಅವಳಿಗೆ ಅರ್ಥವಾಗುವುದಿಲ್ಲ. ನಮ್ಮಮ್ಮನ ಕಾವಲಿ, ಅಥೆನ್ಸಿನ ಕಾನೂನು ಎಂದು ಶುರು ಮಾಡಿದರೆ ವಿಮಾನ ತಪ್ಪುತ್ತದೆ. ನಲಿನಿಗೆ ಹೇಳದೆ ಅವಳ ಗಂಟಿನಿಂದ ಎತ್ತಿಕೊಂಡು ಬಂದದ್ದು ಬೇರೆ.

ಬಾಲ ಉದ್ದವಿದ್ದ ಆ ಎರಡು ಅಕ್ಷರಗಳ ಮೇಲೆ ಬೆರಳಿಟ್ಟು, "ಮೈ ನೇಮ್" ಎಂದೆ.